ರಂಗೂನಿಗೆ ಹೋದ ಅಜ್ಜನನ್ನು ಹುಡುಕುತ್ತಾ

ಎಲ್ಲರಿಗೂ ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ‘ರಂಗೂನಿಗೆ ಹೋದವರು’ ಎಂದು ಹೇಳುವಂಥವರು ಒಬ್ಬರಾದರೂ ಇರುತ್ತಿದ್ದರು. ರಂಗೂನೆಂದರೆ ಬರ್ಮದ, ಅಂದರೆ ಈಗಿನ ಮ್ಯಾನ್ಮಾರಿನ, ಯಾಂಗೊನ್ ನಗರ. ನಮ್ಮ ಮನೆಯಲ್ಲಿ ಅವರು ಅಜ್ಜಿಯ ಅಣ್ಣ. ಮಂಗಳೂರಿನಿಂದ ರೈಲಿನಲ್ಲಿ ಮದ್ರಾಸಿಗೆ, ಅಲ್ಲಿಂದ ಹಡಗಿನಲ್ಲಿ ರಂಗೂನಿಗೆ ಹೋಗಿ ಹೋಟೆಲೊಂದರಲ್ಲಿ ಅಡುಗೆಗೆ ನಿಂತರು. ಮರಳಿ ಬರಲಿಲ್ಲ. ಬರ್ಮದ ಹೆಂಗಸನ್ನು ಕಟ್ಟಿಕೊಂಡು ಊರು ಮರೆತರೆಂಬುದು ಕುಟುಂಬದವರ ತೀರ್ಮಾನ. ಏಳು ವರ್ಷ ಸುದ್ದಿಯಿಲ್ಲದವರನ್ನು ಮೃತರೆಂದು ಭಾವಿಸಲು 1872ರ ಸಾಕ್ಷ್ಯ ಕಾಯ್ದೆಯಲ್ಲಿ ಅವಕಾಶವಿತ್ತು. ಪಾಲುಪಟ್ಟಿಯಲ್ಲಿ ಅವರ ಪಾಲು ಹಾಗೆ ಇಲ್ಲವಾಯಿತು. ಅಜ್ಜಿ ಮಾತ್ರ ಕೊನೆಯವರೆಗೂ ಅಣ್ಣನ ಬೊಜ್ಜ (ಉತ್ತರಕ್ರಿಯೆ) ಮಾಡಲು ಬಿಡಲಿಲ್ಲ.

ನಾನು ಇತಿಹಾಸ ಓದಿದವನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಇಂಥ ಹುಡುಕಾಟದಲ್ಲಿ ಪಾಸ್‌ಪೋರ್ಟ್ ನೆರವಾಗುವುದಿಲ್ಲ. 1937ರ ಏಪ್ರಿಲ್ 1ರವರೆಗೆ ಬರ್ಮ ಬ್ರಿಟಿಷ್ ಇಂಡಿಯಾದ್ದೇ ಒಂದು ಪ್ರಾಂತ. ಅಲ್ಲಿಗೆ ಹೋಗುವುದು ಪರದೇಶಕ್ಕೆ ಹೋದಂತಲ್ಲ. ಆದರೆ ಹಣ ಬಂದಿದ್ದರೆ ಅದರ ಗುರುತು ಉಳಿದಿರುತ್ತದೆ. ಅಜ್ಜಿಯ ಟ್ರಂಕಿನಲ್ಲಿದ್ದ ಮನಿಆರ್ಡರ್ ಕೂಪನ್‌ಗಳನ್ನು (ಹಣ ಕಳುಹಿಸಿದವರು ಎರಡು ಮಾತು ಬರೆಯುತ್ತಿದ್ದ ಚೀಟಿಗಳನ್ನು) ಅಂಚೆ ಮುದ್ರೆಯ ತಾರೀಕಿನಂತೆ ಜೋಡಿಸಿದೆ. ತಿಂಗಳು ತಪ್ಪದೆ ಬರುತ್ತಿದ್ದ ಹಣ 1941ರ ನವೆಂಬರಿಗೆ ನಿಂತುಹೋಗಿದೆ. ಮನೆಯನ್ನು ಮರೆಯುವವರು ಹೀಗೆ ಮರೆಯುವುದಿಲ್ಲ: ಮೊದಲು ಮೊತ್ತ ಇಳಿಯುತ್ತದೆ, ಆಮೇಲೆ ಒಂದೆರಡು ತಿಂಗಳು ತಪ್ಪುತ್ತದೆ. ಸಾಲದ ಖಾತೆಗಳನ್ನು ನೋಡುತ್ತಲೇ ಆಯುಷ್ಯ ಕಳೆದ ನನಗೆ ಇದರಲ್ಲಿ ಸಂಶಯವಿಲ್ಲ.

ಆ ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಾಂಬು ಹಾಕಿದವು. 1931ರ ಜನಗಣತಿಯಲ್ಲಿ ಆ ನಗರದ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರು. ಹಡಗು ಸಿಗದವರು ಉತ್ತರಕ್ಕೆ ಪ್ರೋಮ್‌ವರೆಗೆ ಹೋಗಿ, ತೌಂಗುಪ್ ಕಣಿವೆಯ ಮೂಲಕ ಅರಕಾನ್ ಕರಾವಳಿಗೆ ಇಳಿದು, ಅಕ್ಯಾಬ್ ದಾಟಿ ಆಗ ಭಾರತದಲ್ಲಿದ್ದ ಚಿತ್ತಗಾಂಗ್ ಸೇರಬೇಕಿತ್ತು. ದಾರಿಯುದ್ದಕ್ಕೂ ವಾಂತಿಭೇದಿ. 1942ರಲ್ಲಿ ಬರ್ಮದಿಂದ ಭಾರತದ ಕಡೆಗೆ ಹೊರಟವರು ಲಕ್ಷಗಟ್ಟಲೆ. ಯಾಂಗೊನ್ ಬಳಿಯ ತೌಕ್ಯಾನ್ ಯುದ್ಧಸ್ಮಾರಕದಲ್ಲಿ ಸಮಾಧಿಯಿಲ್ಲದ ಸುಮಾರು 27,000 ಸೈನಿಕರ ಹೆಸರುಗಳಿವೆ, ಅದು ಸರಿಯೇ. ಆದರೆ ನಡೆಯುತ್ತಾ ಸತ್ತ ಅಡುಗೆಯವರ, ಕೂಲಿಯವರ, ಅವರ ಮಕ್ಕಳ ಹೆಸರು ಅಲ್ಲಿಲ್ಲ. ಅದು ನನಗೆ ಇಂದಿಗೂ ಸಂಕಟದ ವಿಷಯ.

ಒಂದು ಕೂಪನ್ನಿನಲ್ಲಿ, ಕಾಪುವಿನ ಜತೆಗಾರನ ಕೈಯಲ್ಲಿ ಸೀರೆ ಕಳುಹಿಸಿರುವುದಾಗಿ ಬರೆದಿದ್ದರು. ಕಾಪುವಿನಲ್ಲಿ ವಿಚಾರಿಸುತ್ತಾ ಹೋಗಿ ಆ ಜತೆಗಾರನ ಮೊಮ್ಮಗಳ ಮನೆ ತಲುಪಿದೆ. ಆತ ಚಿತ್ತಗಾಂಗ್‌ನಿಂದ ತನ್ನ ತಮ್ಮನಿಗೆ ಬರೆದ ಕಾರ್ಡು ಅವರಲ್ಲಿತ್ತು. ಇಬ್ಬರೂ ಒಟ್ಟಿಗೆ ಊರಿಗೆಂದು ಹೊರಟಿದ್ದರು, ಪ್ರೋಮ್‌ನಲ್ಲಿ ನಮ್ಮವರಿಗೆ ವಾಂತಿಭೇದಿ ತಗಲಿತು, ಬಿಟ್ಟು ಬರಬೇಕಾಯಿತು. ಆತ ಊರಿಗೆ ಬಂದ ಮೇಲೂ ಅಜ್ಜಿಯೆದುರು ನಿಲ್ಲುವ ಧೈರ್ಯ ತಂದುಕೊಳ್ಳಲಿಲ್ಲವಂತೆ. ಆತನನ್ನು ದೂಷಿಸಲು ನನ್ನಿಂದಾಗದು. ಆದರೆ ನಮ್ಮ ಅಜ್ಜ ಊರನ್ನು ಮರೆತಿರಲಿಲ್ಲ, ಊರಿನ ದಾರಿಯಲ್ಲೇ ಇದ್ದರು.

ನಿಮ್ಮಲ್ಲಿ ಒಂದು ಬೇಡಿಕೆ. ಮನೆಯ ಹಳೆಯ ಕಾರ್ಡು, ಕೂಪನ್‌ಗಳಲ್ಲಿ ಪ್ರೋಮ್, ತೌಂಗುಪ್, ಅಕ್ಯಾಬ್, ಚಿತ್ತಗಾಂಗ್ ಎಂಬ ಹೆಸರು ಕಂಡರೆ ಎಸೆಯಬೇಡಿ, ನನಗೆ ತೋರಿಸಿ. ಅದರಲ್ಲಿ ಬೇರೆ ಯಾರದೋ ಮನೆಯವರ ಸುದ್ದಿ ಇದ್ದೀತು.