ಬರೀ 80 ಜನರ ಟ್ರಯಲ್ ಅಂತ ನಗಬೇಡಿ

ನಮಸ್ಕಾರ. ಹೊಸ ಚಿಕಿತ್ಸೆ ಬಂದಿದೆ ಅಂದ ಕೂಡಲೇ ನಾವು ಕೇಳುವುದು, ಎಷ್ಟು ಸಾವಿರ ಜನರ ಮೇಲೆ ಪರೀಕ್ಷೆ ಮಾಡಿದ್ದಾರೆ ಅಂತ. ಶುಗರ್, ಬಿಪಿ ವಿಷಯದಲ್ಲಿ ಸರಿ. ಆದರೆ ಲಕ್ಷದಲ್ಲಿ ಎಲ್ಲೋ ಕೆಲವರಿಗೆ ಬರುವ ಮಿದುಳಿನ ಕಾಯಿಲೆಗೆ ಸಾವಿರ ಜನರನ್ನು ಎಲ್ಲಿಂದ ತರೋಣ?

ಮೋಯಾಮೋಯಾ ಕಾಯಿಲೆಯನ್ನೇ ನೋಡಿ. ಮಿದುಳಿಗೆ ರಕ್ತ ಒಯ್ಯುವ ಮುಖ್ಯ ನಾಳಗಳು ತಲೆಬುರುಡೆಯ ತಳದಲ್ಲಿ ನಿಧಾನಕ್ಕೆ ಕಿರಿದಾಗುತ್ತಾ ಹೋಗುತ್ತವೆ. ರಕ್ತ ಹೇಗಾದರೂ ಹೋಗಬೇಕಲ್ವಾ? ಎಳೆ ಎಳೆಯಾದ ಸಣ್ಣ ನಾಳಗಳು ಆ ಭಾರ ಹೊತ್ತುಕೊಳ್ಳುತ್ತವೆ. ಆಂಜಿಯೋಗ್ರಾಮಿನಲ್ಲಿ ಅವು ಹೊಗೆಯ ಹಾಗೆ ಕಾಣುತ್ತವೆ. ಮಕ್ಕಳಲ್ಲಿ ರಕ್ತ ಸಾಲದೆ ಸ್ಟ್ರೋಕ್ ಆಗುವುದು ಜಾಸ್ತಿ. ದೊಡ್ಡವರಲ್ಲಿ ಆ ಎಳೆಗಳು ಒಡೆದು ರಕ್ತಸ್ರಾವವೂ ಆಗುತ್ತದೆ.

ಇದಕ್ಕೆ ಬೈಪಾಸ್ ಮಾಡುತ್ತಾರೆ. ಕಿವಿಯ ಮುಂದೆ ಬೆರಳಿಟ್ಟು ನೋಡಿ, ನಾಡಿ ಸಿಗುತ್ತದೆ. ಅಲ್ಲಿಂದ ಮೇಲೆ ಹೋಗುವ ನಾಳವನ್ನು ಬಿಡಿಸಿಕೊಂಡು, ಬುರುಡೆಯಲ್ಲಿ ಕಿಟಕಿ ಕೊರೆದು, ಮಿದುಳಿನ ಮೇಲಿನ ಹೆಚ್ಚೂಕಡಿಮೆ 1 ಮಿಲಿಮೀಟರ್ ನಾಳಕ್ಕೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತಾರೆ. ದಾರ ಕೂದಲಿಗಿಂತ ತೆಳು.

ಒಮ್ಮೆ ರಕ್ತಸ್ರಾವ ಆದವರಿಗೆ ಇದರಿಂದ ಲಾಭ ಇದೆಯಾ? ಈ ವಾದ ಮುಗಿಯುತ್ತಲೇ ಇರಲಿಲ್ಲ. 2001ರಲ್ಲಿ ಜಪಾನಿನವರು ಟ್ರಯಲ್ ಶುರು ಮಾಡಿದರು. 22 ಆಸ್ಪತ್ರೆಗಳು ಕೈಜೋಡಿಸಿದರೂ 80 ರೋಗಿಗಳು ಸೇರುವ ಹೊತ್ತಿಗೆ 2008 ಬಂತು. ಆಮೇಲೆ 5 ವರ್ಷ ಅವರ ಬೆನ್ನು ಬಿಡಲಿಲ್ಲ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೈಪಾಸ್ ಗುಂಪಿನ 42 ಜನರಲ್ಲಿ 5 ಮಂದಿಗೆ ಮತ್ತೆ ರಕ್ತಸ್ರಾವ. ಉಳಿದ 38ರಲ್ಲಿ 12 ಮಂದಿಗೆ.

ಇಷ್ಟು ವ್ಯತ್ಯಾಸ ಇದ್ದರೂ ಲೆಕ್ಕದವರು ಪೂರ್ತಿ ಒಪ್ಪಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ 0.05 ಅಂತ ಒಂದು ಗೆರೆ ಇದೆ, ಉತ್ತರ ಅದಕ್ಕಿಂತ ಕೆಳಗೆ ಬಂದರೆ ವ್ಯತ್ಯಾಸ ಬರೀ ಆಕಸ್ಮಿಕ ಅಲ್ಲ ಅಂತ ಒಪ್ಪುತ್ತಾರೆ. ರಕ್ತಸ್ರಾವದ ಜೊತೆ ಬೇರೆ ಗಂಭೀರ ತೊಂದರೆಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಒಂದು ವಿಧಾನದಲ್ಲಿ 0.048 ಬಂತು, ಇನ್ನೊಂದರಲ್ಲಿ 0.057. ಇನ್ನೊಬ್ಬ ರೋಗಿಗೆ ಏನೋ ಆಗಿದ್ದರೂ ಕಥೆಯೇ ಬೇರೆಯಾಗುತ್ತಿತ್ತು. ಸಂಶೋಧಕರೂ ಇದನ್ನು ಮುಚ್ಚಿಡಲಿಲ್ಲ, ಫಲಿತಾಂಶ ಗೆರೆಯ ಅಂಚಿನಲ್ಲಿದೆ ಅಂತ ತಾವೇ ಬರೆದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಅದಕ್ಕೇ.

ಈಗ ನಮ್ಮ ವಿಷಯ. ಬೆಂಗಳೂರಿನ ನಿಮ್ಹಾನ್ಸ್‌ಗೆ ರಾಜ್ಯದ ಮೂಲೆಮೂಲೆಯಿಂದ, ಪಕ್ಕದ ರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ಕೈಚಳಕವಿರುವ ಸರ್ಜನ್‌ಗಳೂ ನಮ್ಮಲ್ಲಿದ್ದಾರೆ. ಇಂಥ ಟ್ರಯಲ್ ಇಲ್ಲಿ ಮಾಡಿದರೆ ಕಷ್ಟ ಇರುವುದು ರೋಗಿಗಳ ಬೆನ್ನು ಬಿಡದ ಆ 5 ವರ್ಷದಲ್ಲಿ. ಬೀದರ್ ಕಡೆಯ ಕೂಲಿ ಮಾಡುವವರನ್ನು ನೆನೆಸಿಕೊಳ್ಳಿ. ತಲೆನೋವಿಲ್ಲ, ಕೈಕಾಲು ಸರಿ ಇದೆ. ಸುಮ್ನೆ ಚೆಕಪ್‌ಗೆ ಅಂತ ರಾತ್ರಿಯಿಡೀ ಬಸ್ಸಲ್ಲಿ ಕೂತು ಯಾಕೆ ಬರಬೇಕು? ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ಆದರೆ ಒಟ್ಟು 80 ಜನ ಇರುವ ಕಡೆ ಹತ್ತು ಮಂದಿ ಕೈತಪ್ಪಿದರೂ ಲೆಕ್ಕ ಬುಡಮೇಲು.

ಅದಕ್ಕೇ ಹೇಳುವುದು, ಅಪರೂಪದ ಕಾಯಿಲೆಯ ಸಂಶೋಧನೆಗೆ ದುಡ್ಡು ಇಡುವವರು ಮೊದಲು ಬಸ್ ಚಾರ್ಜು, ಕೂಲಿ, ಫೋನ್ ಮಾಡಿ ವಿಚಾರಿಸುವವರ ಸಂಬಳ ಬರೆಯಲಿ. ಮೆಷಿನ್ ಆಮೇಲೆ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ದಾಖಲೆ ಇಡಲಿ. ನಿಮ್ಮ ಮನೆಯಲ್ಲಿ ಇಂಥ ರೋಗಿ ಇದ್ದರೆ ಹಳೆಯ ಆಂಜಿಯೋ ಸಿಡಿ, ಡಿಸ್ಚಾರ್ಜ್ ಸಮ್ಮರಿ ಯಾವುದನ್ನೂ ಬಿಸಾಡಬೇಡಿ. ಫೋನ್ ನಂಬರ್ ಬದಲಾದರೆ ಆಸ್ಪತ್ರೆಗೆ ತಿಳಿಸಿ.