ಮೂರನೇ ಕ್ಲಾಸಿನ ಭೀಮಸೇನ ಜೋಶಿಗೆ ಒಂದು ಭಾರತ ರತ್ನ

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ನನ್ನ ಅಂಗೈ. ಅಂಗೈ ಮೇಲಿರುವುದು ಅರಳಿ ಎಲೆ. ಗಿಡದಿಂದ ಕಿತ್ತದ್ದಲ್ಲ, ಹಿತ್ತಾಳೆಯದು. ಇದನ್ನು ಮಾಡಿಸಲಿಕ್ಕೆ ನಾನು ಎಲ್ಲೆಲ್ಲಿ ಅಲೆದೆ ಅನ್ನೋದೇ ಇವತ್ತಿನ ವ್ಲಾಗ್. ವಿಡಿಯೊದ ಮೂಲ ಧ್ವನಿ ತೆಗೆದುಹಾಕಿ, ಮನೆಯಲ್ಲಿ ಕೂತು ಮಾತಾಡುತ್ತಿದ್ದೇನೆ. ಯಾಕಂದರೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನನ್ನ ಮಾತಿಗಿಂತ ಆಟೋ ಹಾರ್ನೇ ಜಾಸ್ತಿ ರೆಕಾರ್ಡ್ ಆಗಿದೆ.

ಎಲ್ಲಾ ಶುರುವಾಗಿದ್ದು ಅಕ್ಕನ ಫೋನಿನಿಂದ. ಅವಳ ಮಗ ಮೂರನೇ ಕ್ಲಾಸು. ಶಾಲೆ ಗ್ಯಾದರಿಂಗಿನಲ್ಲಿ ವೇಷ ಹಾಕಬೇಕಂತೆ. ಹೋದ ವರ್ಷ ತಲೆಗೆ ರುಮಾಲು ಸುತ್ತಿ ರೈತ ಆಗಿದ್ದ, ಐದು ನಿಮಿಷದಲ್ಲಿ ಮುಗಿದಿತ್ತು. ಈ ವರ್ಷ ಪಂಡಿತ್ ಭೀಮಸೇನ ಜೋಶಿ. ಕೋಟು, ಶಾಲು, ಥರ್ಮಾಕೋಲಿನ ತಂಬೂರಿ ಎಲ್ಲಾ ಅಕ್ಕ ನೋಡಿಕೊಳ್ಳುತ್ತಾಳೆ. "ನಿನಗ ಒಂದ ಕೆಲಸ. ಭಾರತ ರತ್ನ ಮೆಡಲ್ ತಂದುಕೊಡು" ಅಂದಳು. ಅರ್ಧ ಕೆಜಿ ಸೌತೆಕಾಯಿ ತಾ ಅನ್ನೋ ಧಾಟಿಯಲ್ಲಿ.

ನಾನೂ ಆಯ್ತು ಅಂದೆ. ಫೋನಿನಲ್ಲೇ ಹುಡುಕಿ ಒಂದು ಆರ್ಡರ್ ಮಾಡಿದೆ. ನಾಲ್ಕು ದಿನಕ್ಕೆ ಬಂತು. ಈಗ ತೋರಿಸುತ್ತಿದ್ದೇನಲ್ಲ, ಇದೇ ಅದು. ಚಹಾದ ಬಸಿಯಷ್ಟು ಅಗಲ. ದುಂಡಗೆ, ಬಂಗಾರದ ಬಣ್ಣ. ಮಧ್ಯದಲ್ಲಿ ಕಮಲದ ಹೂವು, ಕೊರಳಿಗೆ ಕೇಸರಿ ಬಿಳಿ ಹಸಿರು ರಿಬ್ಬನ್. ನೋಡಿದವರು ಯಾರಾದರೂ ಭಾರತ ರತ್ನ ಅಂತ ಒಪ್ಪಿಬಿಡುತ್ತಾರೆ. ಹತ್ತಿರದಿಂದ ಬಲ್ಲವರು ಮಾತ್ರ ಒಪ್ಪಲ್ಲ. ಕಮಲ ಇರುವುದು ಪದ್ಮ ಪ್ರಶಸ್ತಿಗಳ ಮೇಲೆ. ಭಾರತ ರತ್ನ ದುಂಡಗಿಲ್ಲ, ಅದು ಅರಳಿ ಎಲೆ. ರಿಬ್ಬನ್ ಅಪ್ಪಟ ಬಿಳಿ. ಬಂಗಾರವಂತೂ ಇಲ್ಲವೇ ಇಲ್ಲ.

ಮಾರಿದವನಿಗೆ ಬೈದು ಒಂದು ರಿವ್ಯೂ ಬರೆಯೋಣ ಅಂತ ಕೂತೆ. ಬೈಯೋಕೆ ಮುಂಚೆ ಸರಿಯಾಗಿ ಓದೋಣ ಅಂತ ಸ್ವಲ್ಪ ಓದಿದೆ. ಅಲ್ಲಿ ನೋಡಿ ನಾನೇ ಸಿಕ್ಕಿಹಾಕಿಕೊಂಡೆ. 1954ರ ಜನವರಿ 2ರಂದು ಭಾರತ ರತ್ನ ಶುರು ಮಾಡಿದಾಗ ಅದರ ನಮೂನೆ ದುಂಡಗೇ ಇತ್ತು. ಬಂಗಾರದ್ದೇ ಇತ್ತು. 35 ಮಿಲಿಮೀಟರ್ ಅಗಲ, ಮೇಲೆ ಸೂರ್ಯ. ಆ ವರ್ಷ ರಾಜಾಜಿ, ರಾಧಾಕೃಷ್ಣನ್, ಸಿ.ವಿ. ರಾಮನ್ ಹೆಸರು ಬಂತು. ಒಂದು ವರ್ಷದ ನಂತರ ನಮೂನೆ ಬದಲಾಗಿ ಅರಳಿ ಎಲೆ ಆಯಿತು. ಅಂದರೆ ಈ ಬಸಿ ಅರ್ಧ ತಪ್ಪು, ಅರ್ಧ ಎಪ್ಪತ್ತು ವರ್ಷ ಹಳೆಯದು. ಮಾರಿದವನಿಗೆ ಇದೆಲ್ಲಾ ಗೊತ್ತಿತ್ತು ಅಂತ ನಾನು ನಂಬಲ್ಲ. ಆದರೂ ರಿವ್ಯೂ ಬರೆಯಲಿಲ್ಲ.

ಅಳಿಯನಿಗೆ ಇದನ್ನೇ ಹಾಕಿ ಕಳಿಸಬಹುದಿತ್ತು. ಸ್ಟೇಜ್ ಮೇಲೆ ಎರಡು ನಿಮಿಷ, ಯಾರು ನೋಡುತ್ತಾರೆ ಅಲ್ವಾ? ಆದರೆ ಅವನು ಆಗಲೇ ಫೋಟೋ ನೋಡಿಬಿಟ್ಟಿದ್ದ. "ಮಾಮಾ, ಇದು ಎಲಿ ಇಲ್ಲ" ಅಂದ. ಅಷ್ಟೇ ಅಲ್ಲ, ಇನ್ನೊಂದು ವರಾತ ತೆಗೆದ. ಪಂಡಿತರಿಗೆ 1972ರಲ್ಲಿ ಪದ್ಮಶ್ರೀ, 1985ರಲ್ಲಿ ಪದ್ಮಭೂಷಣ, 1999ರಲ್ಲಿ ಪದ್ಮವಿಭೂಷಣ ಬಂದಿತ್ತು. 2008ರಲ್ಲಿ ಭಾರತ ರತ್ನ ಘೋಷಣೆ ಆಯಿತು. ನಾಲ್ಕೂ ಮೆಟ್ಟಿಲು ಹತ್ತಿದವರು ದೇಶದಲ್ಲೇ ಕೆಲವರು. "ಹಂಗಾದ್ರ ನನಗೂ ನಾಕೂ ಬೇಕು" ಅಂದ. ಚೌಕಾಶಿ ಮಾಡಿ ಒಂದಕ್ಕೆ ಇಳಿಸಿದೆ. ಎರಡು ಪೇಢೆ ಬಾಕ್ಸ್ ಖರ್ಚಾಯಿತು, ಅದು ಬೇರೆ ಲೆಕ್ಕ.

ಹಾಗಾಗಿ ಮಾಡಿಸೋದೇ ಸರಿ ಅಂತಾಯಿತು. ಅಳತೆ ಬರೆದುಕೊಂಡೆ. ಉದ್ದ 5.8 ಸೆಂಟಿಮೀಟರ್, ಅಗಲ 4.7, ದಪ್ಪ 3.1 ಮಿಲಿಮೀಟರ್. ಕಾಗದದ ಮೇಲೆ ಗೆರೆ ಎಳೆದ ಮೇಲೆ ನನಗೇ ನಂಬಿಕೆ ಬರಲಿಲ್ಲ. ಇಷ್ಟೇನಾ? ಒಂದು ಕಡ್ಡಿಪೆಟ್ಟಿಗೆಗಿಂತ ಚೂರು ದೊಡ್ಡದು. ನಮ್ಮ ಓಣಿಯ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಎರಡನೇ ಬಹುಮಾನಕ್ಕೆ ಕೊಡುವ ಶೀಲ್ಡ್ ಇದರ ಹತ್ತು ಪಟ್ಟು ಇರುತ್ತದೆ.

ಮೊದಲು ಹೋಗಿದ್ದು ಟ್ರೋಫಿ ಅಂಗಡಿಗೆ. ಅಂಗಡಿಯವರು ಕಾಗದ ನೋಡಿ, "ಇಷ್ಟ ಸಣ್ಣದು ಮಾಡಿದ್ರ ಫೋಟೋದಾಗ ಕಾಣಂಗಿಲ್ರಿ ಸರ. ಒಂದ ಸೈಜ್ ದೊಡ್ಡದ ಮಾಡೂಣು" ಅಂದರು. ಅಸಲಿ ಅಳತೆ ಇದೇ ಅಂದೆ. ಅವರು ಪಾಪ ನನ್ನ ಮುಖ ನೋಡಿ, "ಅಸಲಿ ಅವರಿಗೆ ಇರ್ಲಿರಿ, ನಿಮಗ ಚಂದ ಕಂಡರ ಸಾಕಲ್ಲ" ಅಂದರು. ವ್ಯಾಪಾರದ ಮಾತು, ತಪ್ಪಿಲ್ಲ. ಆದರೆ ನನಗೆ ಆ ಸಣ್ಣತನವೇ ಹಿಡಿಸಿಬಿಟ್ಟಿತ್ತು.

ಇಲ್ಲೊಂದು ಮಾತು. ನಕಲು ಅಂದರೆ ಹೇಗೋ ಒಂದು ಮಾಡಿದರಾಯಿತು ಅನ್ನೋದು ಹುಬ್ಬಳ್ಳಿಯಲ್ಲಿ ನಡೆಯಬಾರದು. ಯಾಕೆ ಅಂದರೆ ಬೆಂಗೇರಿ ನಮ್ಮಲ್ಲೇ ಇದೆ. ಅಲ್ಲಿನ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಒಂಬತ್ತು ಅಳತೆ. ಟೇಬಲ್ ಮೇಲೆ ಇಡುವ 6 ಇಂಚು 4 ಇಂಚಿನ ಪುಟ್ಟದರಿಂದ ಹಿಡಿದು 21 ಅಡಿ 14 ಅಡಿಯ ದೊಡ್ಡದರ ತನಕ. ಬಣ್ಣ, ನೂಲು, ಹೊಲಿಗೆ ಎಲ್ಲಕ್ಕೂ ನಿಯಮ. ಬಟ್ಟೆಯ ಎರಡೂ ಬದಿಗೆ ಅಚ್ಚಾಗುವ ಚಕ್ರ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಹಾಗೆ ನೋಡಿದರೆ ಪ್ರತಿ ಧ್ವಜವೂ ಒಂದು ನಕಲೇ ಅಲ್ವಾ? ಆದರೆ ಅಳತೆ ಸರಿ ಇರುವ ನಕಲು.

ಮೆಡಲುಗಳಲ್ಲೂ ಹಾಗೇ. ಪದ್ಮ ಪ್ರಶಸ್ತಿ ಪಡೆದವರಿಗೆ ಸರ್ಕಾರ ದೊಡ್ಡ ಪದಕದ ಜೊತೆ ಅದರದೇ ಒಂದು ಸಣ್ಣ ಪ್ರತಿಯನ್ನೂ ಕೊಡುತ್ತದೆ, ಸಮಾರಂಭಗಳಿಗೆ ಹಾಕಿಕೊಂಡು ಹೋಗಲಿ ಅಂತ. ನಮ್ಮ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು, ಗದಗಿನ ಪುಟ್ಟರಾಜ ಗವಾಯಿಗಳು, ಎಲ್ಲರೂ ಪದ್ಮ ಪದಕ ಪಡೆದವರೇ. ಇನ್ನು ಟ್ಯಾಗೋರರ ನೊಬೆಲ್ ಪದಕ 2004ರಲ್ಲಿ ಶಾಂತಿನಿಕೇತನದಿಂದ ಕಳುವಾಯಿತಲ್ಲ, ಆಮೇಲೆ ಸ್ವೀಡನ್‌ನಿಂದ ಬಂದದ್ದು ಎರಡು ಪ್ರತಿ. ಒಂದು ಬಂಗಾರದ್ದು, ಒಂದು ಕಂಚಿನದು. ಈಗ ಅಲ್ಲಿ ಇರುವುದು ಅವೇ.

ಸರಿ, ಮುಂದೆ. ಟ್ರೋಫಿ ಅಂಗಡಿಯಿಂದ ಕಂಚಗಾರ ಗಲ್ಲಿಗೆ ಬಂದೆ. ಒಬ್ಬರು ಹಿರಿಯರು ಕಾಗದ ತಿರುವಿ ಮುರುವಿ ನೋಡಿ ಕೇಳಿದ ಮೊದಲ ಪ್ರಶ್ನೆ, "ದೇವರ ಜಗಲಿಗೇನ್ರಿ?" ಅಲ್ಲ ಅಜ್ಜಾ, ಭಾರತ ರತ್ನ ಅಂದೆ. ಅವರು ನಗಲಿಲ್ಲ. "ಯಾರಿಗೆ?" ಅಂದರು. ಭೀಮಸೇನ ಜೋಶಿಗೆ ಅಂದೆ. ಆಗ ನಕ್ಕರು.

ಅಸಲಿ ಪದಕ ಕಂಚಿನದು. ಬಣ್ಣ ಸ್ವಲ್ಪ ಕಪ್ಪಾಗಿಸಿದ ಕಂಚು. ನಮಗೆ ಸಿಕ್ಕಿದ್ದು ಹಿತ್ತಾಳೆ ಪಟ್ಟಿ, ಮೂರು ಎಂಎಂ ದಪ್ಪ. ಎಲೆ ಆಕಾರಕ್ಕೆ ನಮ್ಮ ಓಣಿಯ ಹನುಮಪ್ಪನ ಗುಡಿ ಕಟ್ಟೆಯ ಅರಳಿ ಗಿಡದಿಂದ ಒಂದು ಎಲೆ ತಂದಿದ್ದೆ. ಅದೇ ತೊಂದರೆ ಆಯಿತು. ನಿಜವಾದ ಅರಳಿ ಎಲೆಗೆ ಬಾಲ ಉದ್ದ. ಆ ಬಾಲ ಪೂರ್ತಿ ಇಟ್ಟರೆ 5.8 ಸೆಂಟಿಮೀಟರಿನಲ್ಲಿ ಎಲೆಯ ಹೊಟ್ಟೆಗೆ ಜಾಗವೇ ಉಳಿಯಲ್ಲ. ಮೊದಲನೇ ಎಲೆ ಹಾಗೇ ಕೆಟ್ಟಿತು, ಹಲ್ಲಿಯ ಥರ ಕಾಣುತ್ತಿತ್ತು. ಎರಡನೇದಕ್ಕೆ ಅಜ್ಜನೇ ಬಾಲ ಮೊಟಕು ಮಾಡಿ, ಗರಗಸದಿಂದ ನಿಧಾನಕ್ಕೆ ಕೊರೆದರು. ಅಂಚಿಗೆ ಅರ ಹಾಕಿದರು. ಆಮೇಲೆ ಬೆಂಕಿ. ಈಗ ನೋಡಿ, ಹಳದಿ ಬಣ್ಣ ಹೋಗಿ ಕಂದು ಬರುತ್ತಿದೆ. ಎಣ್ಣೆ ಬಟ್ಟೆಯಲ್ಲಿ ಒಂದು ಸಲ ಉಜ್ಜಿದರು. ಈ ಹತ್ತು ಸೆಕೆಂಡ್ ನಾನು ಸುಮ್ನೆ ಇರುತ್ತೇನೆ, ನೀವೇ ನೋಡಿ.

ಚಂದ ಇದೆ ಅಲ್ವಾ?

ಅಸಲಿಯಲ್ಲಿ ಸೂರ್ಯ ಮತ್ತು ಅಂಚು ಪ್ಲಾಟಿನಂ. ಅಷ್ಟು ದುಡ್ಡಿದ್ದರೆ ನಾನು ವ್ಲಾಗ್ ಯಾಕೆ ಮಾಡುತ್ತಿದ್ದೆ? ಜರ್ಮನ್ ಸಿಲ್ವರ್ ತಗಡಿನ ಒಂದು ಚೂರು, 16 ಮಿಲಿಮೀಟರ್ ಅಗಲ, ಅದನ್ನು ಎಲೆಯ ಮೇಲೆ ಬೆಸುಗೆ ಹಾಕಿದೆವು. ಕಿರಣಗಳನ್ನು ಉಳಿಯಿಂದ ಗೀಚಿದ್ದು. ಅಂಚಿಗೆ ಬೆಳ್ಳಿ ಬಣ್ಣ. ಕೋಲ್ಕತ್ತಾದ ಅಲಿಪುರ ಟಂಕಸಾಲೆಯಲ್ಲಿ ಆಗುವ ಕೆಲಸ ಕಂಚಗಾರ ಗಲ್ಲಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ತೂಕ ಮಾತ್ರ ಕೈಗೆ ಚೆನ್ನಾಗಿ ಸಿಗುತ್ತದೆ.

ಸೂರ್ಯನ ಕೆಳಗೆ ದೇವನಾಗರಿಯಲ್ಲಿ "ಭಾರತ ರತ್ನ" ಅಂತ ಅಕ್ಷರ ಬರಬೇಕು. ಅದಕ್ಕೆ ಪಕ್ಕದ ಪಾತ್ರೆ ಅಂಗಡಿ. ಮದುವೆ ಕೊಡುಗೆ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಷಿನ್ ಇರುತ್ತದಲ್ಲ, ಅದೇ. ಕೊರೆಯುವವರ ಕೈ ನೋಡಬೇಕು ನೀವು. ಕಣ್ಣು ಬೇರೆ ಕಡೆ, ಕೈ ಬೇರೆ ಕಡೆ, ಅಕ್ಷರ ಮಾತ್ರ ಮುತ್ತು. ಎರಡು ಶಬ್ದ ಬರೆದರು, ಎಲೆ ತಿರುಗಿಸಿದರು, ಮಷಿನ್ ನಿಲ್ಲಿಸದೆ ಕೇಳಿದರು, "ಹಿಂದ ಯಾರ ಹೆಸರ ಹಾಕ್ಲಿರಿ?"

ಒಂದು ಕ್ಷಣ ನಾನು ಸುಮ್ಮನಾದೆ. ಅಸಲಿಯ ಹಿಂಬದಿಗೆ ನಮ್ಮ ರಾಷ್ಟ್ರಲಾಂಛನ ಇದೆ, ಸಿಂಹಗಳು, ಕೆಳಗೆ ಸತ್ಯಮೇವ ಜಯತೇ. ಅದನ್ನು ನಮ್ಮ ಮನಸ್ಸಿಗೆ ಬಂದ ಕಡೆ ಹಾಕಿಕೊಳ್ಳುವಂತಿಲ್ಲ. 2005ರಲ್ಲಿ ಇದಕ್ಕೇ ಅಂತ ಒಂದು ಕಾಯ್ದೆ ಬಂದಿದೆ. ತಪ್ಪಾಗಿ ಬಳಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಐದು ಸಾವಿರದವರೆಗೆ ದಂಡ, ಇಲ್ಲಾ ಎರಡೂ. ಮೂರನೇ ಕ್ಲಾಸಿನ ಹುಡುಗನ ವೇಷಕ್ಕೆ ಪೊಲೀಸರು ಬರುತ್ತಾರೆ ಅಂತಲ್ಲ. ಆದರೆ ಆ ಗೆರೆ ದಾಟೋದು ಬೇಡ ಅನಿಸಿತು. ಹಿಂದೆ ಏನೂ ಬೇಡ, ಖಾಲಿ ಇರಲಿ ಅಂದೆ. ಅವರಿಗೆ ಖಾಲಿ ಬಿಟ್ಟಿದ್ದು ಸಮಾಧಾನ ಇಲ್ಲ. "ಹೆಸರ ಇಲ್ಲಂದ್ರ ಕಳೀತೈತ್ರಿ" ಅಂದರು.

ಬಿಳಿ ರಿಬ್ಬನ್ ಜವಳಿ ಸಾಲಿನಲ್ಲಿ ಸಿಕ್ಕಿತು. ಎರಡು ಇಂಚು ಅಗಲ ಬೇಕು. ಒಂದೂವರೆ ಇದೆ ಅಂದರು ಮೂರು ಕಡೆ, ನಾಲ್ಕನೇ ಕಡೆ ಸಿಕ್ಕಿತು. ಇದರ ಬಗ್ಗೆ ಇಷ್ಟು ಸಾಕು.

ಧಾರವಾಡಕ್ಕೆ, ಅಕ್ಕನ ಮನೆಗೆ, ರಾತ್ರಿ ಎಂಟಕ್ಕೆ ಬಂದೆ. ಅಲ್ಲಿ ಇನ್ನೊಂದು ಜಗಳ ಕಾದಿತ್ತು. ಸ್ಟೇಜ್ ಮೇಲೆ ಓದಲಿಕ್ಕೆ ಟೀಚರ್ ಚೀಟಿ ಕಳಿಸಿದ್ದರು. ಮೊದಲ ಸಾಲೇ "ಭಾರತ ರತ್ನ ಪಂಡಿತ್ ಭೀಮಸೇನ ಜೋಶಿ" ಅಂತ. ನಾನು ಅಕ್ಕನಿಗೆ ಹೇಳಿದೆ, ಹೀಗೆ ಹೆಸರಿನ ಮುಂದೆ ಬಿರುದಿನಂತೆ ಹಾಕುವಂತಿಲ್ಲ, ಸಂವಿಧಾನದ 18ನೇ ವಿಧಿ ಬಿರುದುಗಳನ್ನು ತೆಗೆದುಹಾಕಿದೆ. ಇವು ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. 1977ರಲ್ಲಿ ಜನತಾ ಸರ್ಕಾರ ಈ ಪ್ರಶಸ್ತಿಗಳನ್ನೇ ನಿಲ್ಲಿಸಿತ್ತು, 1980ರಲ್ಲಿ ಮತ್ತೆ ಬಂದವು. ನಮ್ಮೂರ ಬ್ಯಾನರ್‌ಗಳಲ್ಲಿ ಯಾರು ಕೇಳುತ್ತಾರೆ ಬಿಡಿ. ಅಕ್ಕ ರೊಟ್ಟಿ ತಟ್ಟುತ್ತಾ ಪೂರ್ತಿ ಕೇಳಿಸಿಕೊಂಡಳು. "ಕೋರ್ಟ್ ಆಮ್ಯಾಲೆ ನೋಡೂಣು. ಮೊದಲ ಕೈ ತೊಳಕೊಂಡ ಬಾ, ಮೈ ತುಂಬ ಹಿತ್ತಾಳಿ ಪುಡಿ" ಅಂದಳು. ಬೆಳಿಗ್ಗೆ ಚೀಟಿ ನೋಡಿದರೆ ಪೆನ್ನಿನಲ್ಲಿ ತಿದ್ದಿದ್ದಳು. "ಭಾರತ ರತ್ನ ಪಡೆದ" ಅಂತ.

ಗ್ಯಾದರಿಂಗ್ ದಿನದ ವಿಡಿಯೊ ಇದು. ಬೇರೆ ಮಕ್ಕಳು ಕಾಣುತ್ತಾರೆ ಅಂತ ಮಸುಕು ಮಾಡಿದ್ದೇನೆ. ನಮ್ಮವನು ಕಣ್ಣು ಮುಚ್ಚಿ, ಕೈ ಎತ್ತಿ, ಒಂದು ಆಲಾಪ ತೆಗೆದ. ತಂಬೂರಿಯ ಕುತ್ತಿಗೆ ಮಧ್ಯದಲ್ಲಿ ಮುರಿಯಿತು, ಅವನು ಕಣ್ಣು ತೆರೆಯಲಿಲ್ಲ. ಆಮೇಲೆ ಚೀಟಿಯಲ್ಲಿ ಇದ್ದದ್ದನ್ನು ಗಡಗಡ ಹೇಳಿದ. ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿದ್ದು, ಹನ್ನೊಂದು ವರ್ಷಕ್ಕೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟಿದ್ದು, ಊರೂರು ಅಲೆದು ಕೊನೆಗೆ ಇಲ್ಲೇ ಪಕ್ಕದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತದ್ದು. ವಯಸ್ಸಾಗಿತ್ತು, ಹುಷಾರಿರಲಿಲ್ಲ, ಅದಕ್ಕೆ 2009ರಲ್ಲಿ ಭಾರತ ರತ್ನ ಪುಣೆಯ ಅವರ ಮನೆಗೇ ಹೋಯಿತು ಅನ್ನೋದನ್ನು ಚೀಟಿಗೆ ನಾನು ಸೇರಿಸಿದ್ದು. ಅದನ್ನು ಅವನು ಮರೆತ.

ಮೂರನೇ ಸಾಲಿನಿಂದಲೂ ಎಲೆ ಸರಿಯಾಗಿ ಕಾಣಲಿಲ್ಲ. ಟ್ರೋಫಿ ಅಂಗಡಿಯವರು ಹೇಳಿದ್ದು ಖರೆ ಆಯಿತು. ಬಿಳಿ ರಿಬ್ಬನ್ ಮಾತ್ರ ಕಾಣುತ್ತಿತ್ತು. ನನ್ನ ಪಕ್ಕ ಕೂತ ಅಜ್ಜಿ, "ಐಡಿ ಕಾರ್ಡ್ ತಗಸೂದ ಮರತಾರ ನೋಡ" ಅಂದರು.

ಸಂಜೆ ಮನೆಗೆ ಬಂದ ಮೇಲೆ ಪದಕ ವಾಪಸ್ ತೆಗೆದುಕೊಂಡು ಹತ್ತಿರದಿಂದ ಒಂದು ಶಾಟ್ ತೆಗೆಯೋಣ ಅಂತ ತಿರುಗಿಸಿದೆ. ಹಿಂದೆ ನಾನು ಖಾಲಿ ಬಿಟ್ಟ ಜಾಗದಲ್ಲಿ ಅಕ್ಕ ಬಿಳಿ ಪಟ್ಟಿ ಅಂಟಿಸಿದ್ದಳು. ಟಿಫಿನ್ ಡಬ್ಬಿಗೆ, ನೀರಿನ ಬಾಟಲಿಗೆ ಅಂಟಿಸುತ್ತಾಳಲ್ಲ, ಅದೇ ಪಟ್ಟಿ. ಹುಡುಗನ ಹೆಸರು, 3ನೇ ಬಿ, ರೋಲ್ ನಂಬರ್ 27.