ಗ್ರಾಚ್ಯುಟಿ ಬ್ಯಾಂಕಲ್ಲಿರಲಿ, ಹಿತ್ತಲಲ್ಲಿ ಆರು ಕೋಳಿ ಇರಲಿ

ನಮಸ್ಕಾರ. ನಿವೃತ್ತಿ ಹತ್ತಿರ ಬಂದವರು ಫೋನ್ ತೆರೆದರೆ ಸಾಕು, ‘ನಾಟಿ ಕೋಳಿ ಸಾಕಿ, ಲಕ್ಷ ಸಂಪಾದಿಸಿ’ ಅನ್ನುವ ವಿಡಿಯೋಗಳು ಒಂದರ ಹಿಂದೆ ಒಂದು ಬರುತ್ತವೆ. ಶೆಡ್ ಹಾಕಿ, ಐನೂರು ಮರಿ ನಾವೇ ಕೊಡುತ್ತೇವೆ ಅನ್ನುತ್ತಾರೆ. ದಯವಿಟ್ಟು ಗ್ರಾಚ್ಯುಟಿ ದುಡ್ಡನ್ನು ಅಲ್ಲಿ ಸುರಿಯಬೇಡಿ. ಅರವತ್ತು ದಾಟಿದ ಮೇಲೆ ಐನೂರು ಕೋಳಿಯ ಕೆಲಸ ಮೈಗೆ ಆಗುವುದಿಲ್ಲ. ಒಂದು ರೋಗ ಹೊಕ್ಕರೆ ವಾರದೊಳಗೆ ಶೆಡ್ ಖಾಲಿ.

ಹಾಗಂತ ಕೋಳಿಯೇ ಬೇಡ ಅನ್ನಬೇಡಿ. ಹಿತ್ತಲಲ್ಲಿ ಐದಾರು ಹ್ಯಾಟೆ, ಮರಿ ಬೇಕು ಅನ್ನುವವರಿಗೆ ಒಂದು ಹುಂಜ. ಅಷ್ಟೇ ಸಾಕು. ಮೊಟ್ಟೆಗಾಗಿ ಮಾತ್ರ ಅಂದರೆ ಹುಂಜವೇ ಬೇಡ, ಅದಿಲ್ಲದೆಯೂ ಹ್ಯಾಟೆ ಮೊಟ್ಟೆ ಇಡುತ್ತದೆ. ಪಟ್ಟಣದಲ್ಲಿ ಅಕ್ಕಪಕ್ಕದವರ ನಿದ್ದೆ ಕೆಡದಿರಲು ಇದೇ ಒಳ್ಳೆಯದು.

ನಾನು ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವಳು. ನಿವೃತ್ತಿಯ ದಿನ ಎಲ್ಲರೂ ‘ಇನ್ನು ಆರಾಮಾಗಿರಿ ಮೇಡಂ’ ಅಂದರು. ಆರಾಮು ಸ್ವಲ್ಪ ದಿನ ಚೆನ್ನಾಗಿರುತ್ತದೆ. ಆಮೇಲೆ ಬೆಳಗ್ಗೆ ಏಳು ಗಂಟೆಗೂ ಎದ್ದು ಏನು ಮಾಡಬೇಕು ಅನ್ನಿಸುತ್ತದೆ, ಅಲ್ವಾ? ಕೋಳಿ ಆ ಮಾತಿಗೆ ಜಾಗವೇ ಕೊಡುವುದಿಲ್ಲ. ಬೆಳಕು ಹರಿಯುವಾಗ ಗೂಡಿನ ಬಾಗಿಲು ತೆಗೆಯಬೇಕು, ಮುಸ್ಸಂಜೆ ಹಾಕಬೇಕು. ಮಂಡಿ ನೋವಿದ್ದರೂ ಬಗ್ಗಬೇಕು, ನೀರು ಬದಲಿಸಬೇಕು. ನನಗೆ ಈ ಕಟ್ಟುಪಾಡು ಹಿಡಿಸಿದೆ.

ಯಾವ ಕೋಳಿ ತರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಿಗೆ ಅಂತಲೇ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ಬೆಳೆಸಿಕೊಟ್ಟಿದ್ದಾರೆ. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ನಮ್ಮ ನಾಟಿ ಹ್ಯಾಟೆ ಅದರ ಅರ್ಧದಷ್ಟು ಇಟ್ಟರೆ ಹೆಚ್ಚು. ಲೆಕ್ಕ ನೋಡುವವರು ಗಿರಿರಾಜ ತರಲಿ, ತಪ್ಪಿಲ್ಲ. ನಾನು ಮಾತ್ರ ನಾಟಿಯನ್ನೇ ಹೇಳುತ್ತೇನೆ. ಅದು ಕಾವಿಗೆ ಕೂರುತ್ತದೆ ಅನ್ನುವುದೇ ಕಾರಣ.

ಕಾವಿನ ದಿನಗಳನ್ನು ನೀವು ನೋಡಬೇಕು. ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟ ಮೇಲೆ ಹ್ಯಾಟೆ ಮಂಕಾಗುತ್ತದೆ. ಮುಟ್ಟಲು ಹೋದರೆ ಪುಕ್ಕ ಕೆದರಿ ಗುರ್ ಅನ್ನುತ್ತದೆ. ಮಂಕರಿಯಲ್ಲಿ ಹುಲ್ಲು ಹಾಸಿ, ಹತ್ತು ಮೊಟ್ಟೆ ಇಟ್ಟು ಕತ್ತಲ ಮೂಲೆಯಲ್ಲಿ ಕೂರಿಸಿದರೆ ಇಪ್ಪತ್ತೊಂದು ದಿನ ಅದರ ತಪಸ್ಸು. ದಿನಕ್ಕೊಮ್ಮೆ ಎದ್ದು ಗಬಗಬ ನಾಲ್ಕು ಕಾಳು ತಿಂದು, ನೀರು ಕುಡಿದು, ಮತ್ತೆ ಓಡಿ ಬಂದು ಕೂರುತ್ತದೆ. ಮೊಟ್ಟೆಗಳನ್ನು ಕೊಕ್ಕಿನಿಂದ ಆಗಾಗ ತಿರುವುತ್ತದೆ. ಏಳೆಂಟು ದಿನ ಕಳೆದ ಮೇಲೆ ರಾತ್ರಿ ಟಾರ್ಚ್ ಮೇಲೆ ಮೊಟ್ಟೆ ಹಿಡಿದರೆ ಒಳಗೆ ಕೆಂಪು ನರಗಳು ಹಬ್ಬಿರುವುದು ಕಾಣುತ್ತದೆ. ಹಾಗೆ ಕಾಣದಿದ್ದರೆ ಅದು ಬೀಜ ಕಟ್ಟದ ಮೊಟ್ಟೆ, ತೆಗೆದುಬಿಡಿ. ರಜೆಗೆ ಬಂದ ಮೊಮ್ಮಕ್ಕಳಿಗೆ ಇದನ್ನು ತೋರಿಸಿ. ವಿಜ್ಞಾನದ ಪುಸ್ತಕ ಹಿಡಿದು ವರ್ಷಗಟ್ಟಲೆ ಪಾಠ ಮಾಡಿದವಳು ನಾನು, ಅಷ್ಟು ಕಣ್ಣರಳಿಸಿ ನೋಡಿದ ಮಕ್ಕಳನ್ನು ತರಗತಿಯಲ್ಲಿ ಕಂಡಿಲ್ಲ.

ಹುಟ್ಟಿದ ಪಿಳ್ಳೆಗೆ ಒಂದೆರಡು ದಿನ ಏನೂ ತಿನ್ನಿಸದಿದ್ದರೂ ನಡೆಯುತ್ತದೆ. ಮೊಟ್ಟೆಯ ಹಳದಿಯಲ್ಲಿ ಉಳಿದದ್ದು ಅದರ ಹೊಟ್ಟೆಯೊಳಗೇ ಇರುತ್ತದೆ. ಆಮೇಲೆ ಅಕ್ಕಿ ನುಚ್ಚು, ರಾಗಿ, ಗೆದ್ದಲು ಸಿಕ್ಕಿದರೆ ಹಬ್ಬ. ತಾಯಿ ಕಾಳು ಕಂಡಾಗ ಕರೆಯುವ ಸದ್ದೇ ಬೇರೆ, ಮೇಲೆ ಹದ್ದು ಕಂಡಾಗ ಮಾಡುವ ಸದ್ದೇ ಬೇರೆ. ಎರಡನೆಯದು ಕೇಳಿದ ಕೂಡಲೇ ಅಂಗಳದಲ್ಲಿ ಒಂದು ಮರಿಯೂ ಕಾಣುವುದಿಲ್ಲ.

ಇನ್ನು ಚಾಕರಿ. ಗೂಡನ್ನು ನೆಲದಿಂದ ಮೇಲೆತ್ತಿ ಕಟ್ಟಿಸಿ, ಜಾಲರಿಯ ಕಣ್ಣು ಸಣ್ಣದಿರಲಿ. ಮುಂಗುಸಿಗೂ ಕಾಡುಬೆಕ್ಕಿಗೂ ಸಣ್ಣ ಸಂದು ಸಿಕ್ಕರೆ ಸಾಕು. ಹಿಕ್ಕೆಯನ್ನು ದಿನಾ ಗುಡಿಸಬೇಕು. ಮಳೆಗಾಲದಲ್ಲಿ ಬಿಟ್ಟರೆ ಕಣ್ಣು ಉರಿಯುವಷ್ಟು ವಾಸನೆ. ಅದನ್ನು ಹಸಿಯಾಗಿ ಗಿಡಕ್ಕೆ ಹಾಕಬೇಡಿ, ಬೇರು ಸುಟ್ಟುಹೋಗುತ್ತದೆ. ಕಳಿತ ಮೇಲೆ ಹಾಕಿದರೆ ಕರಿಬೇವು, ನುಗ್ಗೆ ಹೇಗೆ ಬರುತ್ತವೆ ನೋಡಿ. ಒಂದು ಮೂಲೆಯಲ್ಲಿ ಒಲೆಯ ಬೂದಿ, ಒಣಮಣ್ಣು ಸುರಿದಿಡಿ. ಹೊರಳಾಡಿ ಹೇನನ್ನು ಅವೇ ಕೊಡವಿಕೊಳ್ಳುತ್ತವೆ.

ನಿಜವಾದ ಕಷ್ಟ ಊರು ಬಿಡುವಾಗ. ಬೆಂಗಳೂರಲ್ಲಿ ಮಗಳ ಮನೆಗೆ ಹೋಗಬೇಕು, ಎಲ್ಲೋ ಮದುವೆ ಇರುತ್ತದೆ. ಗೂಡು ತೆಗೆದು ಹಾಕುವವರು ಯಾರು? ನಮ್ಮ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ, ಅಷ್ಟು ದಿನದ ಮೊಟ್ಟೆ ಅವರದು. ಇಂಥ ಒಬ್ಬರು ಇಲ್ಲ ಅಂದರೆ ಕೋಳಿ ತರಬೇಡಿ ಅನ್ನುತ್ತೇನೆ.

ಮತ್ತೆ ಸಾರಿನ ಪ್ರಶ್ನೆ. ಕೆಲವರು ಕೊಯ್ಯುತ್ತಾರೆ, ಕೆಲವರು ಮಾರುತ್ತಾರೆ. ಮುದಿಯಾದ ಹ್ಯಾಟೆಯನ್ನು ಏನು ಮಾಡುವುದು ಅಂತ ಮನೆಯವರೆಲ್ಲ ಮೊದಲೇ ಮಾತಾಡಿಕೊಳ್ಳಿ. ಮಕ್ಕಳು ಹೆಸರಿಟ್ಟ ಮೇಲೆ ಆ ಮಾತು ಕಷ್ಟ.

ಎಲ್ಲಕ್ಕಿಂತ ಮುಖ್ಯ ಕೊಕ್ಕರೆ ರೋಗ. ರಾಣಿಖೇತ್ ಅನ್ನುವುದೂ ಇದನ್ನೇ. ಕತ್ತು ತಿರುಚಿಕೊಂಡು, ಹಸಿರಾಗಿ ಭೇದಿ ಮಾಡಿಕೊಂಡು ಸಾಯುತ್ತವೆ. ಬಂದ ಮೇಲೆ ಔಷಧಿ ಇಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ ಒಂದು ವಾರ ತುಂಬುವುದರೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ, ಎಂಟು ವಾರಕ್ಕೆ ಇಂಜೆಕ್ಷನ್. ತೊಡಕು ಏನೆಂದರೆ, ಒಂದು ಬಾಟಲಿ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ತಣ್ಣಗೆ ಇಡಬೇಕು. ಆರು ಕೋಳಿ ಇರುವವರು ಒಬ್ಬರೇ ಏನು ಮಾಡುತ್ತಾರೆ? ಅದಕ್ಕೇ ನಮ್ಮ ಬೀದಿಯಲ್ಲಿ ಕೋಳಿ ಇರುವ ಮನೆಯವರೆಲ್ಲ ಸೇರಿ ಒಂದೇ ದಿನ ಹಾಕಿಸುತ್ತೇವೆ. ಹಿಂದಿನ ರಾತ್ರಿಯೇ ಪ್ರತಿ ಮನೆಗೂ ಹೋಗಿ ‘ನಾಳೆ ಗೂಡು ತೆಗೀಬೇಡಿ’ ಅಂತ ಹೇಳಿ ಬರುವುದು ನನ್ನ ಕೆಲಸ. ಖರ್ಚು ಹಂಚಿಕೊಳ್ಳುತ್ತೇವೆ. ಐಸ್ ಹಾಕಿದ ಫ್ಲಾಸ್ಕ್ ನಮ್ಮ ಮನೆಯದು.

ನೀವೂ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಲಸಿಕೆ ಯಾವ ದಿನ ಹಾಕುತ್ತಾರೆ ಅಂತ ಕೇಳಿಕೊಂಡು ಬನ್ನಿ. ಬೀದಿಯಲ್ಲಿ ಇನ್ನಾರ ಮನೆಯಲ್ಲಿ ಕೋಳಿ ಇದೆ ನೋಡಿ, ಅವರನ್ನೂ ಸೇರಿಸಿಕೊಳ್ಳಿ. ಮರಿ ಆಮೇಲೆ ತಂದರಾಯಿತು.